ಪಾಟಿಯ ಮೇಲೆ ಹೊರಿಸಿದ ತಪ್ಪು

ನಾನು ನಿವೃತ್ತಳಾದ ದಿನ ಕಚೇರಿಯಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಒಬ್ಬ ಅಧಿಕಾರಿ ಮೈಕು ಹಿಡಿದು, "ನಮ್ಮ ಮೇಡಮ್ಮನವರು ಕೆಲಸಕ್ಕಿಂತ ಓದಿದ್ದೇ ಜಾಸ್ತಿ" ಎಂದ. ಎಲ್ಲರೂ ನಕ್ಕರು. ನಾನೂ ನಗುತ್ತೇನೆ ಎಂದುಕೊಂಡಿದ್ದರೋ ಏನೋ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಚೇಷ್ಟೆಯ ಮಾತಿನ ಹಿಂದೆ ಒಬ್ಬನ ನೌಕರಿ ಹೋದದ್ದು, ಇನ್ನೊಬ್ಬನ ಕೈ ಹೋದದ್ದು ಅಲ್ಲಿ ಕೂತಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಗೊತ್ತಿದ್ದೂ ನಕ್ಕರು. ಆ ಸಿಟ್ಟಿಗೆ ಇದನ್ನು ಬರೆಯಲು ಕೂತಿದ್ದೇನೆ.

ವಿದ್ಯುತ್ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಇದನ್ನು ಓದಲಿ ಎಂಬುದು ನನ್ನ ಆಸೆ. ಯಾವಾಗ ಬಡ್ತಿ ಬಂತು, ಯಾರು ತಡೆದರು ಎಂಬ ಕತೆ ನಿಮಗೆ ಬೇಕಾಗಿಲ್ಲ. ನಾನು ಬಸವಕಲ್ಯಾಣದವಳು. ನೌಕರಿಯ ಬಹುಭಾಗ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲೇ ಕಳೆಯಿತು. ಕೊನೆಯ ವರ್ಷಗಳಲ್ಲಿ ಶಾಖಾಧಿಕಾರಿಯಾಗಿ ಒಂದು ಸಬ್‌ಸ್ಟೇಷನ್ನೂ ಅದರ ಕೆಳಗಿನ ಹಳ್ಳಿಗಳೂ ನನ್ನ ಕೈಯಲ್ಲಿದ್ದವು. ಸಬ್‌ಸ್ಟೇಷನ್ನಿನ ಹೆಸರಾಗಲಿ, ಮೇಲಿನ ಸಾಹೇಬರ ಹೆಸರಾಗಲಿ ಬರೆಯುವುದಿಲ್ಲ. ಹೆಸರು ಬರೆದರೆ ಅವರೊಬ್ಬರೇ ಕೆಟ್ಟವರು ಎಂದಾಗುತ್ತದೆ, ಅಷ್ಟು ಸುಲಭವಾಗಿ ಉಳಿದವರನ್ನು ಬಿಡಲು ನಾನು ತಯಾರಿಲ್ಲ.

ಮೊದಲು ಆ ಪಾಟಿಯ ಮಾತು. ಅದು ಇ-ರೀಡರ್. ನಮ್ಮ ಲೈನ್‌ಮನ್‌ಗಳು ಅದನ್ನು ನೋಡಿದ ದಿನವೇ ಪಾಟಿ ಎಂದು ಕರೆದರು; ಶಾಲೆಗೆ ಒಯ್ಯುತ್ತಿದ್ದ ಸ್ಲೇಟಿನಷ್ಟೇ ಇತ್ತಲ್ಲ. ನಾನು ಅದನ್ನು ಕೊಂಡದ್ದು ಹೈದರಾಬಾದಿನಲ್ಲಿ, ನನ್ನ ಸಂಬಳದಲ್ಲಿ. ಕಾರಣ ಇಷ್ಟೇ: ಇಲಾಖೆ ಎಲ್ಲವನ್ನೂ ಮೊಬೈಲಿಗೆ ಕಳಿಸಲು ಶುರು ಮಾಡಿತ್ತು. ಯಾವ ಲೈನ್ ಯಾವ ಊರಿಗೆ ಎಂಬ ಫೀಡರ್ ನಕ್ಷೆ ಮೊಬೈಲಿಗೆ, ಸುರಕ್ಷತೆಯ ನಿಯಮ ಮೊಬೈಲಿಗೆ, ಕರೆಂಟ್ ಕಡಿಯುವ ಬ್ರೇಕರಿನ ಕಂಪನಿಯ ದಪ್ಪ ಪುಸ್ತಕವೂ ಮೊಬೈಲಿಗೆ. ನಮ್ಮ ಕಡೆಯ ಬಿಸಿಲಿನಲ್ಲಿ ಮೊಬೈಲ್ ತೆರೆದರೆ ಕಾಣುವುದು ನಮ್ಮದೇ ಮುಖ. ಎಸಿ ಕೋಣೆಯಲ್ಲಿ ಕೂತು ಕಳಿಸುವವರಿಗೆ ಇದು ಹೇಗೆ ಗೊತ್ತಾಗಬೇಕು?

ಪಾಟಿ ಹಾಗಲ್ಲ. ಬಿಸಿಲು ಬಿದ್ದಷ್ಟೂ ಅಕ್ಷರ ಕಾಗದದ ಮೇಲಿನ ಮಸಿಯಂತೆ ಕಾಣುತ್ತದೆ. ಕಣ್ಣಿಗೆ ಬೆಳಕು ಚುಚ್ಚುವುದಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ನಾರಾಯಣಪುರದಲ್ಲಿ ಹಳೇ ಶಿವನ ಗುಡಿಯ ಹಿಂದಿನ ಟಿಸಿ ಕೆಟ್ಟಾಗ, ಅಂದರೆ ಊರಿಗೆ ಕರೆಂಟ್ ಹಂಚುವ ಟ್ರಾನ್ಸ್‌ಫಾರ್ಮರ್ ಕೆಟ್ಟಾಗ, ನಡು ಮಧ್ಯಾಹ್ನ ಕಂಬದ ಬುಡದಲ್ಲಿ ನಿಂತು ಕಂಪನಿಯ ಪುಸ್ತಕ ತೆರೆದು ಓದಿ ಹೇಳಿದ್ದೇನೆ, ಮೇಲಿದ್ದವನು ಕೇಳಿಕೊಂಡು ಕೆಲಸ ಮುಗಿಸಿದ್ದಾನೆ. ಅದೇ ಪಾಟಿಯಲ್ಲಿ ಕಾದಂಬರಿ ಇದ್ದವು, ವಚನಗಳಿದ್ದವು. ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಬಸ್ಸಿನಲ್ಲಿ ಕಾದಂಬರಿ, ಇಳಿದ ಮೇಲೆ ಬ್ರೇಕರ್. ಇದನ್ನು ನಾನು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಅದರಲ್ಲೇನೂ ಇರಲಿಲ್ಲ.

ಪಾಟಿಗೂ ಸೋಲು ಇತ್ತು. ನಮ್ಮ ಕಚೇರಿಯ ಕನ್ನಡ ಸುತ್ತೋಲೆಗಳು ಹಳೇ ಕಾಲದ ಫಾಂಟಿನಲ್ಲಿ ಟೈಪಾಗುತ್ತಿದ್ದವು. ಅವನ್ನು ಪಾಟಿಗೆ ಹಾಕಿದರೆ ಒಂದಕ್ಷರ ಕನ್ನಡವೂ ಇಲ್ಲದೆ ಬರೀ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಡಾಲರ್ ಚಿಹ್ನೆ. ಯೂನಿಕೋಡಿನಲ್ಲಿ ಕಳಿಸಿರೆಂದು ಕೇಳಿದೆ, ಬರೆದು ಕೊಟ್ಟೆ. "ಎಲ್ಲರಿಗೂ ನಡೀತದ, ನಿಮಗಷ್ಟೇ ಯಾಕ ನಡ್ಯಂಗಿಲ್ರಿ?" ಎಂದು ಟೈಪಿಸ್ಟ್ ನನ್ನನ್ನೇ ಕೇಳಿದ. ನಡೆಯುವುದೆಂದರೆ ಅವನ ಪ್ರಕಾರ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುವುದು. ಗೋಡೆಗೆ ಅಂಟಿಸಿದ ಸುರಕ್ಷತೆಯ ನಿಯಮ ಕಂಬದ ಮೇಲಿರುವವನಿಗೆ ಏನು ಉಪಯೋಗ? ಕೊನೆಗೆ ಬೇಕಾದ ಸುತ್ತೋಲೆಗಳನ್ನು ಮನೆಯಲ್ಲಿ ಕೂತು ನಾನೇ ಮತ್ತೆ ಟೈಪ್ ಮಾಡಿಕೊಳ್ಳುತ್ತಿದ್ದೆ.

ನಮ್ಮ ದೊಡ್ಡ ಸಾಹೇಬರು ಮೈಸೂರು ಕಡೆಯವರು. ಮೊದಲ ಸಲ ಅವರು ಸಬ್‌ಸ್ಟೇಷನ್ನಿಗೆ ಬಂದಾಗ ನಾನು ಅಂಗಳದಲ್ಲಿ ನಿಂತು ಬ್ರೇಕರನ್ನು ಬೀಳಿಸುವ ರಿಲೇ ಹೊಂದಿಸುವ ಪುಟ ಓದುತ್ತಿದ್ದೆ. ಕೈಯಿಂದ ಪಾಟಿ ತೆಗೆದುಕೊಂಡು ಅಲ್ಲಿ ಇಲ್ಲಿ ಒತ್ತಿದರು. ಪುಸ್ತಕಗಳ ಪಟ್ಟಿ ಬಂತು.

"ಏನ್ರೀ ಇದು, ಡ್ಯೂಟಿ ಟೈಮಲ್ಲಿ ಕತೆ ಪುಸ್ತಕ ಓದ್ತಾ ಇದ್ದೀರಾ?"

"ರಿಲೇ ಪುಸ್ತಕ ಓದಾಕತ್ತೀನ್ರಿ ಸರ್."

"ಕಾದಂಬರೀನೂ ಇದೆಯಲ್ರೀ ಇದರಲ್ಲಿ."

"ನಿಮ್ಮ ಮೊಬೈಲಿನಾಗ ಸಿನಿಮಾ ಇರ್ತಾವಲ್ರಿ ಸರ್. ಅಂದ್ರ ನೀವು ಈಗ ಸಿನಿಮಾ ನೋಡಾಕತ್ತೀರೇನು?"

ಸುತ್ತ ನಿಂತಿದ್ದವರು ನೆಲ ನೋಡಿದರು. ಸಾಹೇಬರು ಪಾಟಿ ವಾಪಸು ಕೊಟ್ಟು ಜೀಪು ಹತ್ತಿದರು. ಅವತ್ತೇ ಅವರ ಮನಸ್ಸಿನಲ್ಲಿ ಅದು ಕೂತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಈಗ ಆ ಎರಡು ಜನರ ಮಾತು. ಖದೀರ್ ನಮ್ಮ ಸಬ್‌ಸ್ಟೇಷನ್ನಿನ ಆಪರೇಟರ್, ಹುಮನಾಬಾದಿನವನು, ಗುತ್ತಿಗೆಯ ಮೇಲಿದ್ದ. ವೈಜಿನಾಥ ಲೈನ್‌ಮನ್, ದುಬಲಗುಂಡಿಯವನು, ಖಾಯಂ ನೌಕರ. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವವರು. ಖದೀರ್ ಮನೆಯಲ್ಲಿ ದಖ್ಖನಿ ಉರ್ದು, ಕೆಲಸದಲ್ಲಿ ಕನ್ನಡ. ವೈಜಿನಾಥನ ಕನ್ನಡದಲ್ಲಿ ಅರ್ಧ ಮರಾಠಿ. ಆದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಹೋದದ್ದನ್ನು ನಾನು ನೋಡಿದ್ದು ಒಂದೇ ಸಲ.

ನಾನು ಸೇರಿದ ಕಾಲದಲ್ಲಿ ಲೈನಿನ ಮೇಲೆ ಕೆಲಸ ಮಾಡಬೇಕೆಂದರೆ ಸಬ್‌ಸ್ಟೇಷನ್ನಿನಿಂದ ಚೀಟಿ ಬರಬೇಕಿತ್ತು. ಕರೆಂಟ್ ತೆಗೆದಿದ್ದೇವೆ ಎಂಬ ಸಹಿ ಇದ್ದ ಚೀಟಿಯನ್ನು ಸೈಕಲ್ ಮೇಲೆ ಯಾರಾದರೂ ತಂದು ಕೈಗೆ ಕೊಟ್ಟ ಮೇಲೆ ಕಂಬ ಹತ್ತಬೇಕು. ತಡವಾಗುತ್ತಿತ್ತು, ಜನ ಬೈಯುತ್ತಿದ್ದರು, ಆದರೆ ಹತ್ತಿದವನು ಇಳಿದು ಬರುತ್ತಿದ್ದ. ಮೊಬೈಲ್ ಬಂದ ಮೇಲೆ ಚೀಟಿ ಹೋಯಿತು, ಮಾತು ಉಳಿಯಿತು. ಫೋನಿನಲ್ಲಿ ಹೆಸರು ಹೇಳಬೇಕು, ಫೀಡರ್ ಹೇಳಬೇಕು, ಕೇಳಿದ್ದನ್ನು ತಿರುಗಿ ಹೇಳಬೇಕು ಎಂಬ ನಿಯಮವೇನೋ ಇದೆ. ಕಬ್ಬಿನ ಹಂಗಾಮಿನಲ್ಲಿ ಒಂದು ದಿನ ನಮ್ಮ ಕಂಟ್ರೋಲ್ ರೂಮಿನಲ್ಲಿ ಕೂತು ನೋಡಿ, ಆ ನಿಯಮ ಎಷ್ಟು ಹೊತ್ತು ಬದುಕುತ್ತದೆಂದು. ಒಂದು ಫೋನ್ ಇಡುವಷ್ಟರಲ್ಲಿ ಇನ್ನೊಂದು. ಅದರಲ್ಲಿ ಹೆಚ್ಚಿನವು ಮೇಲಿನ ಕಚೇರಿಯವೇ: ಜಲ್ದಿ ಮಾಡಿ, ಜಲ್ದಿ ಮಾಡಿ.

ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರೊಂದು ಅಂಥ ಒಂದು ಮಧ್ಯಾಹ್ನ ಜೋತುಬಿದ್ದ ತಂತಿಗೆ ತಾಗಿತು. ಹೇರಿನ ಮೇಲಿನ ಕಬ್ಬು ತಂತಿಗೆ ಸಿಕ್ಕಿಕೊಂಡು ಫೀಡರ್ ಟ್ರಿಪ್ ಆಯಿತು, ಬ್ರೇಕರ್ ತಾನೇ ಬಿದ್ದು ಕರೆಂಟ್ ಹೋಯಿತು. ಹತ್ತಿರದಲ್ಲೇ ಇದ್ದ ವೈಜಿನಾಥ ಅಲ್ಲಿಗೆ ಓಡಿದ. ಇದು ಖದೀರನಿಗೆ ಗೊತ್ತಿಲ್ಲ. ಟ್ರಿಪ್ ಆದರೆ ಸ್ವಲ್ಪ ತಡೆದು ಬ್ರೇಕರನ್ನು ಒಮ್ಮೆ ಹಾಕಿ ನೋಡುವುದು ಪದ್ಧತಿ. ಖದೀರ್ ಹಾಕಿದ, ಬ್ರೇಕರ್ ಮತ್ತೆ ಬೀಳಲಿಲ್ಲ, ಲೈನಿಗೆ ಕರೆಂಟ್ ಬಂತು. ಆಗ ವೈಜಿನಾಥನ ಫೋನ್. ಹಿಂದೆ ಟ್ರ್ಯಾಕ್ಟರುಗಳ ಗದ್ದಲ.

"ಖದೀರ್, ಲೈನ್ ಬಂದ್ ಅದಲ್ಲಾ?"

"ಹಾಂ, ಬಂದದ."

ಬೇರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ 'ಬಂದಿದೆ' ಎನ್ನುವುದಿಲ್ಲ, 'ಬಂದದ' ಎನ್ನುತ್ತೇವೆ. ಕರೆಂಟ್ ಬಂದದ, ಬಸ್ ಬಂದದ. ನಿಂತುಹೋಗಿದ್ದರೆ 'ಬಂದ್ ಅದ'. ಕರೆಂಟ್ ಬಂದ್ ಅದ, ಅಂಗಡಿ ಬಂದ್ ಅದ. ಎರಡನ್ನೂ ಒಮ್ಮೆ ಬಾಯಿಬಿಟ್ಟು ಬೇಗ ಅಂದು ನೋಡಿ. ಕಿವಿಗೆ ಎರಡೂ ಒಂದೇ. ಎದುರಿಗೆ ನಿಂತಿದ್ದರೆ ಮುಖ ನೋಡಿ ತಿಳಿಯುತ್ತದೆ, ಫೋನಿನಲ್ಲಿ ಮುಖ ಇಲ್ಲ. ಟ್ರಿಪ್ ಆದ ಮೇಲೆ ಫೋನ್ ಮಾಡುವವರೆಲ್ಲ ಕರೆಂಟ್ ಬಂದದೇನು ಎಂದೇ ಕೇಳುತ್ತಾರೆ. ಖದೀರ್ ಹಾಗೇ ಕೇಳಿಸಿಕೊಂಡ, ಹೌದು ಎಂದ. ವೈಜಿನಾಥ ಲೈನ್ ನಿಂತಿದೆಯೇ ಎಂದು ಕೇಳಿದ್ದ, ಹೌದು ಎಂದು ಕೇಳಿಸಿಕೊಂಡ. ಕಂಬ ಹತ್ತಿದ.

ಹತ್ತುವ ಮೊದಲು ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಹಾಕಬೇಕಿತ್ತು, ನಿಜ. ಇಡೀ ಶಾಖೆಗೆ ಇದ್ದದ್ದು ಒಂದೇ ಜೊತೆ, ಅದು ಆ ದಿನ ಇನ್ನೊಂದು ಊರಿನಲ್ಲಿತ್ತು. ಬೇಕೆಂದು ನಾನು ಬರೆದಾಗಲೆಲ್ಲ ಬರುತ್ತದೆ, ಬರುತ್ತದೆ ಎಂಬುದೇ ಉತ್ತರ. ಅದು ಬರಲಿಲ್ಲ, ವೈಜಿನಾಥನ ಬಲಗೈ ಮೊಣಕೈವರೆಗೆ ಹೋಯಿತು. ಕೆಳಗೆ ಬಿದ್ದದ್ದು ಕಬ್ಬಿನ ಹೇರಿನ ಮೇಲೆ, ಅದಕ್ಕೇ ಜೀವ ಉಳಿಯಿತು.

ಅವನನ್ನು ಆಸ್ಪತ್ರೆಗೆ ಸೇರಿಸಿ ನಾನು ಸಬ್‌ಸ್ಟೇಷನ್ನಿಗೆ ಬರುವಷ್ಟರಲ್ಲಿ ದೊಡ್ಡ ಸಾಹೇಬರು ಅಲ್ಲಿದ್ದರು. ಖದೀರ್ ಗೋಡೆಗೆ ಒರಗಿ ನಿಂತಿದ್ದ. ಮೇಜಿನ ಮೇಲೆ ನನ್ನ ಪಾಟಿ. ಫೀಡರ್ ನಕ್ಷೆ ಅದರಲ್ಲೇ ಇದ್ದುದರಿಂದ ಬೆಳಿಗ್ಗೆ ಬಂದವಳೇ ಅದನ್ನು ಅಲ್ಲಿ ಇಡುವುದು ನನ್ನ ರೂಢಿ. ಸುಮ್ಮನೆ ಬಿದ್ದಿರುವಾಗ ಕೊನೆಗೆ ತೆರೆದ ಪುಸ್ತಕದ ಮುಖಪುಟವನ್ನು ಅದು ತನ್ನಷ್ಟಕ್ಕೆ ತೋರಿಸುತ್ತದೆ. ಬಾವಿಕಟ್ಟೆಯ ಮೇಲೆ ಕೂತ ಹೆಂಗಸಿನ ಚಿತ್ರ, ದಪ್ಪ ಅಕ್ಷರದಲ್ಲಿ ಕಾದಂಬರಿಯ ಹೆಸರು.

"ನೋಡಿದ್ರಾ ಮೇಡಮ್, ಲೈನ್ ಮೇಲೆ ಮನುಷ್ಯ ಇದ್ದಾಗ ನಿಮ್ಮ ಆಪರೇಟರ್ ಏನು ಮಾಡ್ತಾ ಇದ್ದ ಅಂತ?"

ನಾನು ಪಾಟಿ ತೆರೆದು ತೋರಿಸಿದೆ. ಬಸ್ಸಿನಲ್ಲಿ ಓದುತ್ತ ಬಂದವಳು ನಾನು, ಹುಮನಾಬಾದ್ ನಿಲ್ದಾಣದಲ್ಲಿ ನಿಲ್ಲಿಸಿದವಳು ನಾನು. ನಿಲ್ಲಿಸಿದ ಪುಟವೇ ಇನ್ನೂ ತೆರೆದಿತ್ತು. ಖದೀರ್ ಓದಿದ್ದರೆ ಪುಟ ಮುಂದೆ ಹೋಗಿರುತ್ತಿತ್ತು, ಅವನು ಅದನ್ನು ಮುಟ್ಟಿಯೂ ಇಲ್ಲ ಎಂದು ಹೇಳಿದೆ.

"ಆ ಟೆಕ್ನಿಕಲ್ ವಿಷಯ ಎಲ್ಲ ಬಿಡಿ ಮೇಡಮ್" ಎಂದರು. ಹೀಗೆ ಹೇಳಿದವರು ಎಂಜಿನಿಯರು. ಪಾಟಿಯನ್ನು ಸಾಕ್ಷಿಯಾಗಿ ವಶಕ್ಕೆ ಕೊಡಿ ಎಂದರು. ನನ್ನ ದುಡ್ಡಿನ ವಸ್ತು, ಕೊಡುವುದಿಲ್ಲ ಎಂದೆ. ಬ್ಯಾಗಿಗೆ ಹಾಕಿಕೊಂಡೆ.

ಅವರಿಗೆ 'ಬಂದದ' ಮತ್ತು 'ಬಂದ್ ಅದ'ದ ಮಾತು ಹೇಳಿದೆ. "ಬಂದಿದೆ ಅಂದ್ರೆ ಬಂದಿದೆ, ಬಂದ್ ಅಂದ್ರೆ ಬಂದ್. ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?" ಎಂದರು. ಅವರ ಕನ್ನಡದಲ್ಲಿ ಏನೂ ಇಲ್ಲ, ಒಪ್ಪುತ್ತೇನೆ. ಸತ್ತರೆ ಸಾಯುವವರು ಅವರ ಕನ್ನಡದಲ್ಲಿ ಮಾತಾಡುವುದಿಲ್ಲ ಎಂಬುದೇ ತಕರಾರು.

ವಿಚಾರಣೆಗೆ ಒಬ್ಬ ಗುಮಾಸ್ತ ಆಸ್ಪತ್ರೆಗೆ ಬಂದ. ವೈಜಿನಾಥ ಹಾಸಿಗೆಯಲ್ಲಿ ಒರಗಿ ಕೂತಿದ್ದ. ಅವನು ಹೇಳಿದ್ದು ಇಷ್ಟೇ: "ಖದೀರಂದು ತಪ್ಪಿಲ್ರಿ. ನಾ ಕೇಳಿದ್ದೇ ಹಂಗ ಇತ್ತು. ಅಂವ ಖರೆನೇ ಹೇಳ್ಯಾನ, ನಾ ಬ್ಯಾರೆ ತಿಳ್ಕೊಂಡೆ."

ಗುಮಾಸ್ತ ಪೆನ್ನು ಹಿಡಿದು ನನ್ನ ಕಡೆ ನೋಡಿದ. "ಮೇಡಮ್, ಇದನ್ನ ಹ್ಯಾಂಗ ಬರೀಲ್ರಿ? ಲೈನ್ ಬಂದಿದೆ ಎಂದನು ಅಂತ ಬರೀಲೇನು, ಬಂದ್ ಆಗಿದೆ ಎಂದನು ಅಂತ ಬರೀಲೇನು?"

"ಅಂವ ಹ್ಯಾಂಗ ಅಂದಾನ ಹಂಗೇ ಬರಿ."

"ಅಂವ ಅಂದದ್ದು ಎರಡೂ ಆಗ್ತದಲ್ರಿ."

ಆಗ ನನಗೆ ಅದರ ಭಾರ ಗೊತ್ತಾಯಿತು. ಕೂಡಿಸಿ 'ಬಂದದ' ಎಂದು ಬರೆದರೆ ಲೈನಿನಲ್ಲಿ ಕರೆಂಟ್ ಇದೆ ಎಂದು ಕೇಳಿಯೂ ವೈಜಿನಾಥ ಹತ್ತಿದ ಎಂದಾಗುತ್ತದೆ. ಅವನದೇ ನಿರ್ಲಕ್ಷ್ಯ. ಕೈಯೂ ಹೋಯಿತು, ನೌಕರಿಯೂ ಹೋಗುತ್ತದೆ. ಬಿಡಿಸಿ 'ಬಂದ್ ಅದ' ಎಂದು ಬರೆದರೆ ಖದೀರ್ ಸುಳ್ಳು ಹೇಳಿ ಮನುಷ್ಯನನ್ನು ಕಂಬ ಹತ್ತಿಸಿದ ಎಂದಾಗುತ್ತದೆ. ಗುತ್ತಿಗೆಯವನನ್ನು ತೆಗೆಯಲು ಒಂದು ಫೋನ್ ಸಾಕು. ಒಂದು ಪದವನ್ನು ಕೂಡಿಸುವುದೋ ಬಿಡಿಸುವುದೋ ಎಂಬುದರ ಮೇಲೆ ಎರಡು ಮನೆಗಳಲ್ಲಿ ಒಂದು ಮುಳುಗಬೇಕಿತ್ತು. ಮಾತೇ ಎರಡು ಅರ್ಥದ್ದು, ರಾಡ್ ಇರಲಿಲ್ಲ, ಫೋನಿನ ಮೇಲೆ ಫೋನ್ ಮಾಡಿ ಅವಸರ ಮಾಡಿದವರು ನೀವೇ ಎಂದು ನಾನು ಬೇರೆ ವರದಿ ಬರೆದೆ. ದೊಡ್ಡ ಸಾಹೇಬರು ಅದನ್ನು ಮೇಜಿನ ಮೇಲೆ ನನ್ನ ಕಡೆಗೇ ಸರಿಸಿದರು.

"ಮೇಡಮ್, ಇಬ್ಬರಲ್ಲಿ ಒಬ್ಬರ ಹೆಸರು ಹೇಳಿ. ಮೂರನೇದು ಬೇಡ."

ನಾನು ಹೇಳಲಿಲ್ಲ. ವಾರ ಕಳೆಯಿತು. ಒಂದು ಬೆಳಿಗ್ಗೆ ಖದೀರ್ ಬಸ್ ನಿಲ್ದಾಣದಲ್ಲೇ ನನಗಾಗಿ ಕಾಯುತ್ತಿದ್ದ.

"ಮೇಡಮ್, ನಾ ಬರೆದು ಕೊಟ್ಟೀನ್ರಿ. ಲೈನ್ ಬಂದ್ ಅದ ಅಂತ ನಾನೇ ಹೇಳೀನಿ ಅಂತ."

"ನೀ ಹಂಗ ಹೇಳೇ ಇಲ್ಲಲೋ. ತಲಿ ಕೆಟ್ಟದೇನು ನಿನಗ?"

"ವೈಜಿನಾಥಗ ಒಂದೇ ಕೈ ಉಳದದ. ನನಗ ಎರಡೂ ಅವಲ್ರಿ. ಎಲ್ಲೆರೆ ದುಡಕೋತೀನಿ."

ನಾನು ಅವನಿಗೆ ಬೈದೆ. ನಡು ನಿಲ್ದಾಣದಲ್ಲಿ ನಿಂತು, ಜನ ನೋಡುವಂತೆ ಬೈದೆ. ಅಷ್ಟು ದಿನ ಜಗಳ ಮಾಡಿದ್ದು ಇದಕ್ಕೇನೋ, ನಿನ್ನ ಕುತ್ತಿಗೆ ನೀನೇ ಕೊಟ್ಟು ಬಂದೆಯಲ್ಲೋ ಎಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಚಹಾ ಕುಡಿಯೋಣ ಬರ್ರಿ ಎಂದ. ಅವನಿಗೆ ಬೈದದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಸಾಹೇಬರಿಗೆ ಆಗಬೇಕಾದ ಕೆಲಸವನ್ನು ಅವನ ಒಳ್ಳೆಯತನ ಪುಕ್ಕಟೆ ಮಾಡಿಕೊಟ್ಟಿತು, ಅದಕ್ಕೇ ನನ್ನ ಸಿಟ್ಟು. ಒಳ್ಳೆಯವರ ಹೆಗಲೇ ಇವರಿಗೆ ಯಾವಾಗಲೂ ಸಿಗುವುದು.

ಆ ವಾರವೇ ಖದೀರನನ್ನು ತೆಗೆದರು. ಕಾರಣ: ಕರ್ತವ್ಯದ ವೇಳೆ ಕಾದಂಬರಿ ಓದುತ್ತ ತಪ್ಪು ಮಾಹಿತಿ ನೀಡಿದ್ದು. ಕಾದಂಬರಿಯನ್ನು ಬಿಡಲೇ ಇಲ್ಲ. ಅದರ ಹಿಂದೆಯೇ ಒಂದು ಸುತ್ತೋಲೆ ಬಂತು. ರಾಡ್ ಬಗ್ಗೆ ಇರಬೇಕು, ಫೋನಿನ ಮಾತಿನ ಬಗ್ಗೆ ಇರಬೇಕು ಎಂದು ಪಾಟಿಗೆ ಹಾಕಿದೆ. ಬರೀ ಡಾಲರು, ಅಲ್ಪವಿರಾಮ. ಪ್ರಿಂಟ್ ತೆಗೆಸಿ ಓದಿದರೆ, ಸಬ್‌ಸ್ಟೇಷನ್ನುಗಳಲ್ಲಿ ಇ-ರೀಡರ್ ಬಳಸಕೂಡದು ಎಂಬ ಆಜ್ಞೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅದನ್ನು ಬರೆದವರು ಅಷ್ಟಕ್ಕೂ ಒಂದು ಇ-ರೀಡರನ್ನು ಕೈಯಲ್ಲಿ ಹಿಡಿದು ಒಂದು ಪುಟವಾದರೂ ಓದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಪಾಟಿಯನ್ನು ನಾನು ಆಸ್ಪತ್ರೆಗೆ ಒಯ್ದು ವೈಜಿನಾಥನಿಗೆ ಕೊಟ್ಟೆ. ಕಾಗದದ ಪುಸ್ತಕ ಅವನಿಂದ ಆಗುತ್ತಿರಲಿಲ್ಲ; ಹಿಡಿಯಲು ಒಂದು ಕೈ, ಪುಟ ತಿರುವಲು ಒಂದು ಕೈ ಬೇಕು. ಪಾಟಿಯನ್ನು ಎಡಗೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಪುಟ ತಿರುವಬಹುದು. ಅಕ್ಷರ ದೊಡ್ಡದು ಮಾಡಿ ಕೊಟ್ಟೆ. ಮೊದಲು ಬಾವಿಕಟ್ಟೆಯ ಕಾದಂಬರಿಯನ್ನೇ ಓದಿದ. "ಇದರಾಗ ಏನೂ ಇಲ್ರಿ ಮೇಡಮ್, ಬರೇ ಅಳೂದೇ ಅದ" ಎಂದ. ಅಪಘಾತವಾದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಹುಷಾರಾದ ಮೇಲೆ ಅವನಿಗೆ ಕೂತು ಮಾಡುವ ಕೆಲಸ ಕೊಟ್ಟರು. ಎಲ್ಲಿ ಅಂದರೆ ನಮ್ಮದೇ ಕಂಟ್ರೋಲ್ ರೂಮಿನಲ್ಲಿ, ಫೋನ್ ಎತ್ತುವ ಜಾಗದಲ್ಲಿ. ಆದೇಶ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ.

"ಇದು ಖದೀರನ ಕುರ್ಚಿ ಅಲ್ರಿ ಮೇಡಮ್. ನಾ ಹ್ಯಾಂಗ ಕೂಡ್ಲಿ?"

"ನೀ ಕೂಡಲಿಲ್ಲಂದ್ರ ಯಾರೋ ಒಬ್ಬ ಬಂದು ಕೂಡ್ತಾನ. ಕೂಡು" ಎಂದೆ. ಕೂತ. ಎಡಗೈಯಲ್ಲಿ ಪ್ಯಾನೆಲ್ಲಿನ ಹಿಡಿಕೆ ತಿರುಗಿಸಲು ಬರಲೊಲ್ಲದು, ಫೋನ್ ಕೈಯಲ್ಲಿದ್ದರೆ ಬರೆಯಲು ಕೈ ಇಲ್ಲ. ಬೆವರಿಹೋದ.

ಮರುದಿನ ಗೇಟಿನ ಹೊರಗೆ ಖದೀರ್ ನಿಂತಿದ್ದ. ವೈಜಿನಾಥನಿಗೆ ಕೆಲಸ ಕಲಿಸಲು ಬಂದಿದ್ದ. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಹಲಗೆಯ ಕೆಳಗೆ ಬಾಗಿಲು ತೆಗೆದು ನಾನೇ ಒಳಗೆ ಕರೆದೆ. ಇಡೀ ವಾರ ಬಂದ. ಎಡಗೈಯಿಂದ ಹಿಡಿಕೆಯನ್ನು ಹೇಗೆ ಹಿಡಿಯಬೇಕು, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟು ಹೇಗೆ ಬರೆಯಬೇಕು, ಎಲ್ಲ ಕಲಿಸಿದ. ನಮ್ಮ ಶಾಖೆಯಲ್ಲಿ ಇನ್ನು ಫೋನಿನಲ್ಲಿ 'ಬಂದ್' ಎಂಬ ಶಬ್ದ ಯಾರೂ ಆಡಕೂಡದು ಎಂದು ನಾನು ಹೇಳಿದಾಗ, ಅದರ ಬದಲಿಗೆ ಏನನ್ನಬೇಕೆಂದು ತೋಚಿದ್ದೂ ಅವನಿಗೇ. "ಮುರ್ದಾ, ಜಿಂದಾ ಅನ್ನೂಣ್ರಿ. ಕಿವುಡಗೂ ತಪ್ಪಂಗಿಲ್ಲ." ಸತ್ತ ಲೈನು ಮುರ್ದಾ, ಕರೆಂಟ್ ಇರುವುದು ಜಿಂದಾ. ವೈಜಿನಾಥನ ಹತ್ತಿರವೇ ಇದ್ದ ಪಾಟಿಯಲ್ಲಿ, ನಿಯಮಗಳ ಮೊದಲ ಪುಟದಲ್ಲಿ ಅದನ್ನು ಸೇರಿಸಿದೆ. ಮೇಲಿನಿಂದ ಮಂಜೂರಾತಿ ಕೇಳಲಿಲ್ಲ.

ಯಾರೋ ಚಾಡಿ ಹೇಳಿದರು. ನಾವು ಮೂವರೂ ಕಂಟ್ರೋಲ್ ರೂಮಿನಲ್ಲಿ ಇರುವಾಗಲೇ ದೊಡ್ಡ ಸಾಹೇಬರ ಫೋನ್ ನನ್ನ ಮೊಬೈಲಿಗೆ ಬಂತು.

"ಮೇಡಮ್, ಸಬ್‌ಸ್ಟೇಷನ್ ಒಳಗೆ ಹೊರಗಿನವರನ್ನ ಬಿಟ್ಕೊಂಡಿದ್ದೀರಂತೆ?"

"ಹೊರಗಿನವ್ರು ಯಾರೂ ಇಲ್ರಿ ಸರ್ ಇಲ್ಲಿ."

"ಆ ಖದೀರ್ ಇದ್ದಾನಾ ಇಲ್ವಾ?"

"ಇದ್ದಾನ್ರಿ. ಅದಕ್ಕೇ ಹೇಳಾಕತ್ತೀನಿ, ಹೊರಗಿನವ್ರು ಇಲ್ಲಂತ. ನೀವೊಬ್ರೇ ಹೊರಗ ಇದ್ದೀರಿ."

ಅವರು ಇನ್ನೂ ಮಾತಾಡುತ್ತಿದ್ದರು. ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ರಿಂಗಾಯಿತು, ನಾನು ನನ್ನ ಮೊಬೈಲನ್ನು ಕಿವಿಯಿಂದ ತೆಗೆದೆ. ಆ ಕಡೆ ಒಬ್ಬ ಹೊಸ ಲೈನ್‌ಮನ್, ಶಾಖೆಗಿದ್ದ ಒಂದೇ ಜೊತೆ ರಾಡ್ ಹಿಡಿದು ಕಂಬದ ಬುಡದಲ್ಲಿದ್ದ. ಲೈನಿನ ಕರೆಂಟ್ ತೆಗೆಯಲು ಸ್ವಲ್ಪ ಹೊತ್ತಿನ ಹಿಂದೆ ಕೇಳಿದ್ದವನೇ. ಹತ್ತಲೇನು ಎಂದ.

ವೈಜಿನಾಥ ಎದ್ದು ಹೋಗಿ ಪ್ಯಾನೆಲ್ ನೋಡಿದ. ಮರಳಿ ಬಂದು ಕೂತ. ಮತ್ತೆ ಎದ್ದು ಇನ್ನೊಮ್ಮೆ ನೋಡಿ ಬಂದ. ಖದೀರ್ ತಾನೂ ಹೋಗಿ ಪ್ಯಾನೆಲ್ ನೋಡಿ ಬಂದ, ಅವನ ಹೆಗಲ ಮೇಲೆ ಕೈ ಇಟ್ಟ.

"ಮುರ್ದಾ" ಎಂದ ವೈಜಿನಾಥ. "ಮುರ್ದಾ ಅದ. ನೀ ತಿರಗಿ ಹೇಳು."

"ಮುರ್ದಾ ಅದ" ಎಂದ ಆ ಕಡೆಯವನು.

"ರಾಡ್ ಹಾಕಿ ಹತ್ತು. ಇಳದ ಮ್ಯಾಲ ನನಗ ಹೇಳು. ನೀ ಹೇಳೂತನಕಾ ನಾ ಇಲ್ಲಿಂದ ಏಳಂಗಿಲ್ಲ."